ಪೂರ್ವಪಕ್ಷದ ಪುಟ

ಪೀಠದ ದೈನಂದಿನ ಕಾರ್ಯಭಾರ, ಭಕ್ತರ ಭೇಟಿ, ಊರೂರಿನ ಸಮಾರಂಭಗಳು, ಇವೆಲ್ಲವುಗಳ ನಡುವೆಯೂ ವಾರಕ್ಕೆ ಎರಡು ಅವಧಿಗಳನ್ನು ನಮ್ಮ ಮಠದ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಗೆಂದು ನಾವು ಮೀಸಲಾಗಿರಿಸಿಕೊಂಡು ಬಂದಿದ್ದೇವೆ. ಆ ಎರಡು ಅವಧಿಗಳಲ್ಲಿ ನಾವು ಕಲಿಸುವುದು ಸ್ತೋತ್ರಪಾಠವನ್ನಲ್ಲ, ನೀತಿಕಥೆಯನ್ನೂ ಅಲ್ಲ; ಪ್ರಬಂಧ ರಚನೆಯನ್ನು. ಅದರಲ್ಲಿಯೂ ಒಂದು ಅಭಿಪ್ರಾಯವನ್ನು ಮಂಡಿಸಿ, ಕಾರಣಗಳಿಂದ ಸಮರ್ಥಿಸಿ, ಎದುರಿನವರ ಮಾತಿಗೆ ಉತ್ತರ ಕೊಡುವ ವಾದಪ್ರಬಂಧವನ್ನು. ಇದನ್ನು ತಿಳಿದ ಕೆಲವು ಹಳೆಯ ವಿದ್ಯಾರ್ಥಿಗಳು ಪತ್ರ ಬರೆದು, ಹನ್ನೆರಡು ವರ್ಷದ ಮಕ್ಕಳಿಗೆ ವಾದ ಕಲಿಸುವುದು ಸರಿಯೇ, ಅವರು ಮನೆಯಲ್ಲಿ ಈಗಾಗಲೇ ಸಾಕಷ್ಟು ಎದುರು ಮಾತನಾಡುತ್ತಾರಲ್ಲ ಎಂದು ವಿನೋದವಾಗಿಯೂ ಆತಂಕದಿಂದಲೂ ಕೇಳಿದ್ದಾರೆ. ಅವರಿಗೆ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ಈ ಪುಟಗಳಲ್ಲಿ ಬರೆಯುವುದು ಉಚಿತವೆಂದು ತೋರಿತು.

ಮೊದಲು 'ವಾದ' ಎಂಬ ಶಬ್ದಕ್ಕೆ ಬಂದೊದಗಿದ ದುರ್ಗತಿಯನ್ನು ನೋಡಬೇಕು. ನಮ್ಮ ಮನೆಗಳಲ್ಲಿ 'ವಾದ ಮಾಡಬೇಡ' ಎಂದರೆ ಸುಮ್ಮನಿರು ಎಂದರ್ಥ. 'ಅವನು ಬಹಳ ವಾದಿಸುತ್ತಾನೆ' ಎಂದರೆ ಅವನ ನಡತೆ ಸರಿಯಿಲ್ಲ ಎಂದರ್ಥ. ಶಾಸ್ತ್ರದಲ್ಲಿ ಈ ಶಬ್ದಕ್ಕೆ ಇದ್ದ ಗೌರವವೇ ಬೇರೆ. ಗೌತಮರ ನ್ಯಾಯಸೂತ್ರಗಳು ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಹೇಳುವಾಗ ವಾದ, ಜಲ್ಪ, ವಿತಂಡ ಎಂಬ ಮೂರನ್ನು ಪ್ರತ್ಯೇಕಿಸಿ ಎಣಿಸುತ್ತವೆ. ಸತ್ಯವನ್ನು ತಿಳಿಯಬೇಕೆಂಬ ಇಚ್ಛೆಯಿಂದ ಇಬ್ಬರು ನಡೆಸುವ ಮಾತುಕತೆ ವಾದ. ಗೆಲ್ಲಬೇಕೆಂಬ ಒಂದೇ ಹಟದಿಂದ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನ ಮಾತನ್ನು ಕೆಡವುವುದಷ್ಟೇ ಕೆಲಸವಾದರೆ ಅದು ವಿತಂಡ. ಈ ಮೂರರಲ್ಲಿ ಕೊನೆಯದು ಮಾತ್ರ ನಮ್ಮ ಆಡುಮಾತಿನಲ್ಲಿ ಹೆಸರು ಸಹಿತ ಉಳಿದುಕೊಂಡಿದೆ ಎಂಬುದೇ ನಮ್ಮ ಸ್ಥಿತಿಯನ್ನು ಹೇಳುತ್ತದೆ. ಜಲ್ಪವಂತೂ ಹೆಸರನ್ನು ಬಿಟ್ಟು ವೇಷ ಮರೆಸಿಕೊಂಡು ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆಲ್ಲುತ್ತಿದೆ. 'ಖಡ್ಗಕ್ಕಿಂತ ಲೇಖನಿ ಹರಿತ' ಎಂದು ಬೆಳಿಗ್ಗೆ ಗುಡುಗಿದ ಹುಡುಗನಿಗೆ ಸಂಜೆ ಚೀಟಿ ಎತ್ತಿ ಖಡ್ಗದ ಪಕ್ಷ ಕೊಟ್ಟರೆ ಅಷ್ಟೇ ಆವೇಶದಿಂದ ಗುಡುಗುತ್ತಾನೆ. ಅವನ ಕಂಠವು ಬೆಳೆಯುತ್ತದೆ. ವಿವೇಕವು ಬೆಳೆಯಿತೇ ಎಂಬುದನ್ನು ಯಾವ ತೀರ್ಪುಗಾರರೂ ಅಳೆಯುವುದಿಲ್ಲ.

ಇನ್ನು ನಮ್ಮ ಶಾಲೆಗಳ ಪ್ರಬಂಧ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಕೋಣೆಗಳ ಮನೆ ಇದು. ಈ ಮಾಸಪತ್ರಿಕೆಯ ವಾಚಕರೆಲ್ಲರೂ ಒಂದಲ್ಲ ಒಂದು ಕಾಲಕ್ಕೆ ಇದರಲ್ಲಿ ವಾಸ ಮಾಡಿದವರೇ. ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಸಂರಕ್ಷಣೆ, ದೂರದರ್ಶನದ ಲಾಭ ಮತ್ತು ಹಾನಿ ಎಂದು ವಿಷಯಗಳು. ಇತ್ತೀಚೆಗೆ ದೂರದರ್ಶನವಿದ್ದ ಸ್ಥಳದಲ್ಲಿ ಮೊಬೈಲ್ ಬಂದು ಕುಳಿತಿದೆ. ಉಳಿದ ವಾಕ್ಯಗಳು ಇದ್ದಂತೆಯೇ ಇವೆ. ಮಕ್ಕಳು ಗೈಡಿನಿಂದ ಕಂಠಪಾಠ ಮಾಡಿದ್ದನ್ನು ಕಾಗದದ ಮೇಲೆ ಇಳಿಸುತ್ತಾರೆ. ಅಂತಹ ಒಂದು ಕಟ್ಟು ಪ್ರಬಂಧಗಳನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: 'ಬೇಕು' ಎಂದು ಮುಗಿಯುವ ವಾಕ್ಯಗಳು ಸಾಲುಸಾಲಾಗಿ ಇರುತ್ತವೆ, 'ಏಕೆಂದರೆ' ಎಂಬ ಶಬ್ದ ಮಾತ್ರ ದುರ್ಲಭ. ಗಿಡ ನೆಡಬೇಕು, ನೀರು ಉಳಿಸಬೇಕು, ಹಿರಿಯರನ್ನು ಗೌರವಿಸಬೇಕು. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ಯಾರೂ ಅಲ್ಲಗಳೆಯದ ಮಾತನ್ನು ಹೇಳುವುದಕ್ಕೆ ಬುದ್ಧಿಯ ಶ್ರಮ ಬೇಕಿಲ್ಲ. ಗಿಡ ನೆಡಬಾರದು ಎನ್ನುವ ಪ್ರತಿವಾದಿ ಎಲ್ಲಿದ್ದಾನೆ?

ಆದುದರಿಂದ ನಾವು ಮಾಡಿದ ಮೊದಲನೆಯ ಕೆಲಸ ವಿಷಯಗಳನ್ನು ಬದಲಾಯಿಸಿದ್ದು. ಇಬ್ಬರು ಸಜ್ಜನರು ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ತಾಳಬಹುದಾದ, ಮಗುವಿಗೆ ಸ್ವತಃ ಗೊತ್ತಿರುವ, ಊರಿನ ಒಳಗಿನ ವಿಷಯವೇ ಆಗಬೇಕು. ಶಾಲೆಯ ಹಿಂದಿನ ಹುಣಸೆಯ ಮರವನ್ನು ಕಡಿದು ಕೋಣೆ ಕಟ್ಟಬೇಕೆ? ಜಾತ್ರೆಯ ನಾಟಕದ ಧ್ವನಿವರ್ಧಕ ರಾತ್ರಿ ಎಷ್ಟು ಹೊತ್ತಿನ ತನಕ ಇರಬೇಕು? ವಸತಿನಿಲಯದ ಗಂಟೆಯನ್ನು ಐದಕ್ಕೆ ಹೊಡೆಯಬೇಕೋ, ಐದೂವರೆಗೋ? ಈ ಕೊನೆಯ ವಿಷಯವನ್ನು ಕೊಟ್ಟ ದಿನ ಇಡೀ ತರಗತಿ ಒಂದೇ ಪಕ್ಷವಾಗಿ ನಿಂತುಬಿಟ್ಟಿತು. ಐದರ ಪಕ್ಷಕ್ಕೆ ನಾವೊಬ್ಬರೇ ಉಳಿದೆವು.

ಎರಡನೆಯದಾಗಿ, ಬರವಣಿಗೆಗೆ ಮೊದಲು ಆಡುಮಾತು. ನಮ್ಮ ಭಾಗದ ಮಗುವಿಗೆ 'ಏಕೆಂದರೆ' ಎಂಬುದು ಪುಸ್ತಕದ ಶಬ್ದ. 'ಯಾಕಂದ್ರ' ಎಂಬುದು ಅದರ ನಾಲಗೆಯಲ್ಲಿ ದಿನಕ್ಕೆ ನೂರು ಸಲ ಬರುವ ಶಬ್ದ. ಅಂಗಳದಲ್ಲಿ ಗೋಲಿ ಆಡುವಾಗ ಇವರು ಹೂಡುವ ತರ್ಕವನ್ನು ಕೇಳಿದವರಿಗೆ, ಮಕ್ಕಳಿಗೆ ತರ್ಕಶಕ್ತಿ ಇಲ್ಲವೆಂಬ ಸಂಶಯ ಉಳಿಯದು. ಅದೇ ಮಗು ಲೇಖನಿ ಹಿಡಿದೊಡನೆ ಆ ಶಕ್ತಿ ಮಾಯವಾಗುತ್ತದೆ. ಭಾಷೆ ಬದಲಾಯಿತು, ಸೇತುವೆ ಇಲ್ಲ. ಎಂತಲೇ ಮೊದಲು ಎದ್ದು ನಿಂತು ಮನೆಯ ಮಾತಿನಲ್ಲಿ ಹೇಳು, ಅನಂತರ ಬರೆ ಎಂಬ ನಿಯಮ ಮಾಡಿದೆವು. 'ಯಾಕಂದ್ರ' ಎಂಬುದು 'ಏಕೆಂದರೆ' ಆಗಲಿ, 'ಹಂಗಂತ' ಎಂಬುದು 'ಹಾಗೆಂದ ಮಾತ್ರಕ್ಕೆ' ಆಗಲಿ. ಇದೊಂದು ವ್ಯಾಕರಣದ ಪಾಠವೂ ಹೌದು.

ಕಾಶಿಯಲ್ಲಿ ಗುರುಗಳ ಬಳಿ ಅನ್ನಂಭಟ್ಟರ ತರ್ಕಸಂಗ್ರಹವನ್ನು ಓದಿದಾಗ ನಮಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಆ ಪುಟ್ಟ ಗ್ರಂಥದಲ್ಲಿ ಅನುಮಾನವು ಎರಡು ವಿಧ ಎಂದು ಬರುತ್ತದೆ: ಸ್ವಾರ್ಥಾನುಮಾನ ಮತ್ತು ಪರಾರ್ಥಾನುಮಾನ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತನ್ನಷ್ಟಕ್ಕೆ ತಾನು ತಿಳಿದುಕೊಳ್ಳುವುದು ಮೊದಲನೆಯದು. ಅದನ್ನೇ ಇನ್ನೊಬ್ಬರಿಗೆ ಮನವರಿಕೆ ಮಾಡಿಕೊಡಬೇಕಾದಾಗ ಐದು ಅವಯವಗಳ ವಾಕ್ಯ ಬೇಕಾಗುತ್ತದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ತನಗೆ ತಿಳಿದಿರುವುದು ಬೇರೆ, ಪರರಿಗೆ ತಿಳಿಯಪಡಿಸುವುದು ಬೇರೆ ಎಂಬ ಈ ವಿವೇಚನೆಯೇ ಪ್ರಬಂಧ ಶಿಕ್ಷಣದ ಬುನಾದಿಯೆಂದು ಈಗ ನಮಗೆ ತೋರುತ್ತದೆ. ಮಗುವಿನ ಕೆಟ್ಟ ಪ್ರಬಂಧಗಳಲ್ಲಿ ಹೆಚ್ಚಿನವು ಸ್ವಾರ್ಥಾನುಮಾನಗಳು. ತನಗೆ ಗೊತ್ತಿದೆ, ಆದುದರಿಂದ ಓದುವವರಿಗೂ ಗೊತ್ತಿದೆ ಎಂದು ಅದು ಭಾವಿಸುತ್ತದೆ.

ಏಳನೆಯ ತರಗತಿಗೆ ಉಪನಯ, ನಿಗಮನಗಳ ಸೂಕ್ಷ್ಮವನ್ನು ನಾವು ಹೇಳಲು ಹೋಗುವುದಿಲ್ಲ. ಉದಾಹರಣೆಯ ಮೇಲೆ ಮಾತ್ರ ಬಹಳ ದಿನ ನಿಲ್ಲುತ್ತೇವೆ. ಶಾಸ್ತ್ರದಲ್ಲಿ ಉದಾಹರಣೆಯೆಂದರೆ ಬರಿಯ ದೃಷ್ಟಾಂತವಲ್ಲ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ನಿಯಮವನ್ನೂ, ಅದು ಕಂಡುಬರುವ ಅಡಿಗೆಮನೆಯನ್ನೂ ಒಟ್ಟಿಗೆ ತೋರಿಸುವ ವಾಕ್ಯ ಅದು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ಸ್ಟೀಫನ್ ಟೂಲ್ಮಿನ್ ಎಂಬ ಆಂಗ್ಲ ತತ್ತ್ವಜ್ಞಾನಿ ೧೯೫೮ರಲ್ಲಿ ಪ್ರಕಟಿಸಿದ 'ದಿ ಯೂಸಸ್ ಆಫ್ ಆರ್ಗ್ಯುಮೆಂಟ್' ಎಂಬ ಗ್ರಂಥ ನಮ್ಮ ಕೈಗೆ ಬಂದಿತು. ಸಂಗತಿಯಿಂದ ನಿರ್ಣಯಕ್ಕೆ ಹಾರಬೇಕಾದರೆ ನಡುವೆ ಒಂದು ಅಧಿಕಾರಪತ್ರ ಬೇಕು, ಆ ಹಾರುವಿಕೆಗೆ ಅನುಮತಿ ಕೊಡುವ ನಿಯಮ ಬೇಕು ಎಂದು ಅವರು ಹೇಳುವುದನ್ನು ಓದಿದಾಗ ನಮಗೆ ಕಾಶಿಯ ಅಡಿಗೆಮನೆಯೇ ನೆನಪಾಯಿತು. ನಿರ್ಣಯ ಎಷ್ಟರಮಟ್ಟಿಗೆ ಖಚಿತ, ಯಾವ ಸಂದರ್ಭದಲ್ಲಿ ಅದು ನಿಲ್ಲುವುದಿಲ್ಲ ಎಂಬುದನ್ನೂ ವಾದದೊಳಗೇ ಹೇಳಬೇಕೆಂಬುದು ಅವರ ಮತ. ಇವೆರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವುದು ಸೋಮಾರಿಗಳ ಅಭಿಮಾನ.

ಹೇತ್ವಾಭಾಸಗಳನ್ನು, ಅಂದರೆ ಕಾರಣದಂತೆ ತೋರಿ ಕಾರಣವಾಗದವುಗಳನ್ನು, ಕಲಿಸುವಾಗ ಮಕ್ಕಳಿಗೆ ಆಗುವಷ್ಟು ಆನಂದ ಬೇರೆ ಯಾವ ಪಾಠದಲ್ಲಿಯೂ ಆಗದು. ಇತರರ ತಪ್ಪು ಹುಡುಕುವುದರಲ್ಲಿ ಯಾರಿಗೆ ತಾನೆ ಸಂತೋಷವಿಲ್ಲ! ಒಬ್ಬ ಹುಡುಗ, 'ಅವನು ಜಾಣ, ಏಕೆಂದರೆ ಕನ್ನಡಕ ಹಾಕುತ್ತಾನೆ' ಎಂದು ಬರೆದಿದ್ದ. ಓದಿ ಮುಗಿಸುವುದರೊಳಗೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಅಜ್ಜಾರ, ನಮ್ಮ ಮಾಮಾನೂ ಚಸ್ಮಾ ಹಾಕ್ತಾನ್ರಿ, ಅಂವಾ ಎಸ್ಸೆಸ್ಸೆಲ್ಸಿ ಎರಡ ಸಲ ನಪಾಸ್ ಆಗ್ಯಾನ್ರಿ" ಎಂದಳು. ಸವ್ಯಭಿಚಾರವೆಂಬ ಹೇತ್ವಾಭಾಸಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಯಾವ ಟೀಕೆಯಲ್ಲಿಯೂ ಓದಿಲ್ಲ. ಸಾಧ್ಯವಿಲ್ಲದಲ್ಲಿಯೂ ನಿಲ್ಲುವ ಹೇತು ಅದು. ಆಧಾರವೇ ಇಲ್ಲದ ಅಸಿದ್ಧ ಹೇತುವಿಗೆ ನಮ್ಮ ಗಾದೆಯೇ ಇದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಮೊದಲು ಎತ್ತು ಈಯುತ್ತದೆಯೇ ಎಂದು ಕೇಳುವುದನ್ನು ಕಲಿತ ಮಗು, ಮೊಬೈಲಿನಲ್ಲಿ ಹರಿದುಬರುವ ಸಂದೇಶಗಳನ್ನೂ ಹಾಗೆಯೇ ಕೇಳುತ್ತದೆ. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪಿದರು, ನಿಜ. ಆದರೆ ಅದು ಆಪ್ತನ ಮಾತಾಗಿರಬೇಕು, ಅಂದರೆ ವಿಷಯವನ್ನು ಬಲ್ಲವನೂ ಇದ್ದುದನ್ನು ಇದ್ದಂತೆ ಹೇಳುವವನೂ ಆದವನ ಮಾತಾಗಿರಬೇಕು. 'ಹತ್ತು ಜನರಿಗೆ ಕಳುಹಿಸಿ' ಎಂದು ಬರೆದವನು ಆಪ್ತನೇ ಎಂದು ಕೇಳಿದರೆ ಮಕ್ಕಳು ನಗುತ್ತಾರೆ. ದೊಡ್ಡವರು ಕಳುಹಿಸುತ್ತಾರೆ.

ಜಾತ್ರೆಯ ಧ್ವನಿವರ್ಧಕದ ಬಗೆಗೆ ಒಬ್ಬ ಹುಡುಗಿ ಬರೆದ ಪ್ರಬಂಧದಲ್ಲಿ ಪ್ರಮಾಣದ ಕೆಲಸ ಚೆನ್ನಾಗಿ ನಡೆದಿತ್ತು. ಗುಡಿಯ ಹಿಂದಿನ ಓಣಿಯ ಮೂವರು ಮುದುಕಿಯರನ್ನು ಅವಳು ಕೇಳಿ ಬಂದಿದ್ದಳು. ಅವರಲ್ಲಿ ಇಬ್ಬರು ನಾಟಕದ ಹಾಡು ಕೇಳುತ್ತ ಮಲಗುವುದೇ ಸುಖವೆಂದು ಹೇಳಿದ್ದನ್ನು, ಅದು ತನ್ನ ಪಕ್ಷಕ್ಕೆ ವಿರುದ್ಧವಾಗಿದ್ದರೂ, ಬಚ್ಚಿಡದೆ ಬರೆದಿದ್ದಳು. ಶಬ್ದ ಮಾಲಿನ್ಯ ನಿಯಂತ್ರಣದ ೨೦೦೦ದ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವೆಂಬುದನ್ನೂ, ಹಬ್ಬ ಉತ್ಸವಗಳಿಗೆಂದು ವರ್ಷದಲ್ಲಿ ಹದಿನೈದು ದಿನಗಳನ್ನು ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕೆ ಇದೆಯೆಂಬುದನ್ನೂ ಹುಡುಕಿ ತೆಗೆದಿದ್ದಳು. ಕಂಡದ್ದು, ಕೇಳಿದ್ದು, ಓದಿದ್ದು ಮೂರೂ ಬೇರೆ ಬೇರೆಯಾಗಿ ನಿಂತಿದ್ದವು.

ಇನ್ನು ಪೂರ್ವಪಕ್ಷ. ನಮ್ಮ ದರ್ಶನಗ್ರಂಥಗಳಲ್ಲಿ ಆಚಾರ್ಯರು ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಮತವನ್ನು ನಿರೂಪಿಸುತ್ತಾರೆ. ಎಷ್ಟೋ ಸಲ ಎದುರಾಳಿಯ ಗ್ರಂಥಗಳು ನಷ್ಟವಾಗಿ, ಖಂಡಿಸಿದವರ ಪುಟಗಳಲ್ಲಿಯೇ ಆ ಮತವು ಉಳಿದು ಬಂದಿದೆ. ಚಾರ್ವಾಕ ಮತದ ಬಗೆಗೆ ನಮಗೆ ತಿಳಿದುಬಂದಿರುವುದರ ಬಹುಭಾಗ ಹೀಗೆ ಉಳಿದದ್ದು. ಇದು ಎಂತಹ ಹೊಣೆ ನೋಡಿರಿ! ಎದುರಾಳಿಯು ಇಲ್ಲದ ಕಾಲಕ್ಕೆ ಅವನ ಮಾತಿಗೆ ನಾವೇ ಸಾಕ್ಷಿಗಳಾಗಬೇಕು.

ಅಮೆರಿಕದಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಬೇಸಿಗೆಯಲ್ಲಿ ಸಕುಟುಂಬರಾಗಿ ದರ್ಶನಕ್ಕೆ ಬಂದಾಗ ಅವರ ಮಗನ ಶಾಲೆಯ ಬರವಣಿಗೆಯ ಪುಸ್ತಕವನ್ನು ನಾವು ಕುತೂಹಲದಿಂದ ನೋಡಿದೆವು. ೨೦೧೦ರಲ್ಲಿ ಅಲ್ಲಿ ಪ್ರಕಟವಾಗಿ ಬಹುಪಾಲು ರಾಜ್ಯಗಳು ಅಂಗೀಕರಿಸಿದ, ಮುಂದೆ ಕೆಲವು ರಾಜ್ಯಗಳು ಕೈಬಿಟ್ಟ 'ಕಾಮನ್ ಕೋರ್' ಎಂಬ ಶಿಕ್ಷಣ ಮಾನದಂಡದಲ್ಲಿ ವಾದಪ್ರಬಂಧಕ್ಕೆ ಮೊದಲ ಸ್ಥಾನವಿದೆ. ಆರನೆಯ ತರಗತಿಯ ಮಗು ತನ್ನ ಮಾತನ್ನು ಹೇಳಿ ಕಾರಣ ಕೊಟ್ಟರೆ ಸಾಕು. ಏಳನೆಯ ತರಗತಿಯಲ್ಲಿ ಎದುರು ಪಕ್ಷದ ಮಾತೂ ಇದೆಯೆಂದು ಒಪ್ಪಿ ಹೇಳಬೇಕು. ಎಂಟರಲ್ಲಿ ತನ್ನ ಪಕ್ಷಕ್ಕೂ ಅದಕ್ಕೂ ಇರುವ ಭೇದವನ್ನು ತೋರಿಸಬೇಕು. ಹುಡುಗನ ಪುಸ್ತಕದಲ್ಲಿ ಎದುರು ಪಕ್ಷಕ್ಕೆ ದೊರೆತದ್ದು ಒಂದೂವರೆ ಸಾಲು. 'ಕೆಲವರು ಹೀಗೆನ್ನುತ್ತಾರೆ, ಅದು ತಪ್ಪು.' ಆದರೂ ಆ ಒಂದೂವರೆ ಸಾಲು ಅಲ್ಲಿಯ ಪ್ರತಿಯೊಂದು ಮಗುವಿನ ಪುಸ್ತಕದಲ್ಲಿ ಇರಬೇಕೆಂಬ ನಿಯಮವಿದೆ. ಪೂರ್ವಪಕ್ಷದ ಪರಂಪರೆಯುಳ್ಳ ನಮ್ಮ ನಾಡಿನ ಏಳನೆಯ ತರಗತಿಯ ಗೈಡಿನಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲ.

ಆಮೇಲೆ ನಮ್ಮ ತರಗತಿಯಲ್ಲಿ ಒಂದು ಪದ್ಧತಿಯನ್ನು ತಂದೆವು. ನೋಟುಪುಸ್ತಕವನ್ನು ಬಿಚ್ಚಿದರೆ ಎಡಗಡೆ ಒಂದು ಪುಟ, ಬಲಗಡೆ ಒಂದು ಪುಟ. ಎಡಪುಟ ಪೂರ್ವಪಕ್ಷಕ್ಕೆ, ಬಲಪುಟ ತನ್ನ ಪಕ್ಷಕ್ಕೆ. ಮೊದಲು ತುಂಬಬೇಕಾದುದು ಎಡಪುಟ. ಅದು ತುಂಬಿದ ಮೇಲೆ, ಆ ಅಭಿಪ್ರಾಯವನ್ನು ನಿಜವಾಗಿಯೂ ಹೊಂದಿರುವ ಒಬ್ಬರಿಗೆ ಅದನ್ನು ಓದಿಸಬೇಕು. ಅವರು, 'ಹೌದು, ನಾನು ಹೇಳುವುದು ಇದನ್ನೇ' ಎಂದು ಕೆಳಗೆ ಸಹಿ ಹಾಕಬೇಕು. ಸಹಿ ಬೀಳದೆ ಬಲಪುಟಕ್ಕೆ ಲೇಖನಿ ಮುಟ್ಟಿಸುವಂತಿಲ್ಲ. ಮೊದಮೊದಲು ಮಕ್ಕಳಿಗೆ ಇದು ಶಿಕ್ಷೆಯಾಗಿ ಕಂಡಿತು. ಎದುರಾಳಿಯನ್ನು ಮೂರ್ಖನನ್ನಾಗಿ ಬರೆದರೆ ಆ ಎದುರಾಳಿ ಸಹಿ ಹಾಕುವುದಿಲ್ಲ. ಮತ್ತೆ ಬರೆ, ಮತ್ತೆ ಓದಿಸು. ಹುಣಸೆಯ ಮರದ ವಿಷಯದಲ್ಲಿ ಒಬ್ಬ ಹುಡುಗ ಮುಖ್ಯೋಪಾಧ್ಯಾಯರ ಸಹಿಗಾಗಿ ನಾಲ್ಕು ಸಲ ಅಲೆದ. ನಾಲ್ಕನೆಯ ಸಲಕ್ಕೆ ಅವನಿಗೆ ಕೋಣೆಯ ಕೊರತೆಯಿಂದ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುವ ಕಷ್ಟ ಏನೆಂಬುದು ಅರ್ಥವಾಯಿತು. ಮರವನ್ನು ಕಡಿಯಬಾರದೆಂಬ ಅವನ ಅಭಿಪ್ರಾಯವೇನೂ ಬದಲಾಗಲಿಲ್ಲ. ಆದರೆ ಬಲಪುಟದಲ್ಲಿ ಅವನು ಕೋಣೆಯನ್ನು ಬೇರೆ ಎಲ್ಲಿ ಕಟ್ಟಬಹುದೆಂದು ಹೆಜ್ಜೆ ಎಣಿಸಿ ಅಳತೆ ಬರೆದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅಂಗಳವನ್ನು ಅಳೆಯುವುದಿಲ್ಲ.

ಈ ಪದ್ಧತಿಯು ನಮ್ಮ ಬಾಗಿಲಿಗೇ ಬಂದು ನಿಂತ ಪ್ರಸಂಗವನ್ನು ಹೇಳಲೇಬೇಕು.

೨೦೨೧ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲೆಯ ಮಧ್ಯಾಹ್ನದ ಊಟದೊಂದಿಗೆ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿತು; ತಿನ್ನದವರಿಗೆ ಬಾಳೆಹಣ್ಣು. ನಾಡಿನ ಹಲವು ಮಠಾಧೀಶರು ಇದನ್ನು ವಿರೋಧಿಸಿದರು. ಅದಕ್ಕೆ ಪ್ರತಿಯಾಗಿ ಮಕ್ಕಳೂ ಪಾಲಕರೂ ಮೊಟ್ಟೆ ಬೇಕೆಂದು ಬಹಿರಂಗವಾಗಿ ಮಾತನಾಡಿದರು. ವಿರೋಧಿಸಿದ ಒಂದು ಮನವಿಪತ್ರಕ್ಕೆ ನಾವೂ ಸಹಿ ಮಾಡಿದವರೇ. ನಮ್ಮ ಶಾಲೆಗೆ ಈ ಪ್ರಶ್ನೆ ನೇರವಾಗಿ ಬರುವಂತಿರಲಿಲ್ಲ. ನಮ್ಮ ಮಕ್ಕಳಿಗೆ ಮಠದ ದಾಸೋಹದಲ್ಲಿಯೇ ಪ್ರಸಾದ. ಆದರೆ ವಸತಿನಿಲಯದ ಮಕ್ಕಳು ಹಲವು ಊರು, ಹಲವು ಮನೆಗಳಿಂದ ಬಂದವರು. ಅವರ ತಮ್ಮ ತಂಗಿಯರು ಸರಕಾರಿ ಶಾಲೆಗಳಲ್ಲಿ ಇದ್ದಾರೆ. ಆ ತಿಂಗಳ ವಿಷಯವನ್ನು ತರಗತಿಯೇ ಆರಿಸಬೇಕೆಂದು ಬಿಟ್ಟಾಗ ಮಕ್ಕಳು ಇದನ್ನೇ ಆರಿಸಿದರು. ಸಹಾಯಕ ಶಿಕ್ಷಕರು ನಮ್ಮ ಮುಖ ನೋಡಿದರು. ನಿಯಮ ನಮ್ಮದೇ ಆಗಿತ್ತು.

ಎರಡು ದಿನಗಳ ತರುವಾಯ, ಸಂಜೆಯ ಹೊತ್ತು, ನಾವು ಪತ್ರಗಳಿಗೆ ಉತ್ತರ ಬರೆಸುತ್ತ ಕುಳಿತಿದ್ದಾಗ ಒಬ್ಬ ಹುಡುಗ ಬಾಗಿಲಲ್ಲಿ ನಿಂತಿದ್ದ. ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲು ತಂದೆತಾಯಿಗಳು ಗುಳೆ ಹೋಗುವ ಮನೆಯವನು. ನಮಸ್ಕಾರ ಮಾಡಿ ನೋಟುಪುಸ್ತಕ ಮುಂದಿಟ್ಟು, "ಅಜ್ಜಾರ, ಈ ಎಡಗಡೆ ಪುಟಕ್ಕ ಸಹಿ ಹಾಕ್ರಿ. ಕ್ಲಾಸಿನ್ಯಾಗ ಯಾರೂ ಮೊಟ್ಟಿ ಬ್ಯಾಡ ಅನ್ನೋರು ಸಿಗವಲ್ರು" ಎಂದ.

"ಮೊದಲ ಓದ್ತೀವಪ್ಪ. ಒಪ್ಪಿಗಿ ಆದ್ರ ಹಾಕ್ತೀವಿ" ಎಂದೆವು.

"ಓದ್ರಿ. ತಪ್ಪಿದ್ರ ಮತ್ತ ಬರಕೊಂಡ ಬರ್ತೀನ್ರಿ."

ಅವನು ಬರೆದುದರ ಸಾರಾಂಶ ಇಷ್ಟು. ೨೦೦೨ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಶಾಲಾ ಊಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ದಾಸೋಹವೆಂದರೆ ಒಂದೇ ಪಂಕ್ತಿ. ಒಂದೇ ಪಂಕ್ತಿಯಲ್ಲಿ ಒಬ್ಬನ ತಟ್ಟೆಯಲ್ಲಿ ಮೊಟ್ಟೆ, ಇನ್ನೊಬ್ಬನ ತಟ್ಟೆಯಲ್ಲಿ ಬಾಳೆಹಣ್ಣು ಬಿದ್ದರೆ, ಯಾರು ಯಾವ ಮನೆಯವರೆಂದು ತಟ್ಟೆಯೇ ಹೇಳುತ್ತದೆ. ಇಂದು ತಟ್ಟೆ ಬೇರೆಯಾದರೆ ನಾಳೆ ಸಾಲು ಬೇರೆಯಾದೀತು. ಸಾಲನ್ನು ಒಂದು ಮಾಡಲು ಮಠಗಳು ಬಹಳ ವರ್ಷ ಕಷ್ಟಪಟ್ಟಿವೆ. ಪೌಷ್ಟಿಕತೆಯೇ ಉದ್ದೇಶವಾದರೆ ೨೦೧೩ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಇದೆ, ಬೇಳೆಯನ್ನು ಹೆಚ್ಚಿಸಬಹುದು, ಶೇಂಗಾ ನಮ್ಮ ನೆಲದಲ್ಲಿಯೇ ಬೆಳೆಯುತ್ತದೆ. ಇವನ್ನು ಎಲ್ಲರೂ ಒಟ್ಟಿಗೆ ಉಣ್ಣಬಹುದು.

ನಾವು ಸಹಿ ಮಾಡಿದ್ದ ಮನವಿಪತ್ರದಲ್ಲಿ ಪಂಕ್ತಿಯ ಈ ಮಾತು ಇರಲಿಲ್ಲ. ಅಲ್ಲಿ ಸಂಸ್ಕೃತಿ, ಸಂಪ್ರದಾಯ, ಭಾವನೆ ಎಂಬ ಶಬ್ದಗಳಿದ್ದವು. ನಮ್ಮ ಪಕ್ಷವನ್ನು ನಮಗಿಂತ ಚೆನ್ನಾಗಿ ಬರೆದುಕೊಂಡು, ಅದನ್ನು ಖಂಡಿಸಲು ನಮ್ಮದೇ ಅಪ್ಪಣೆ ಕೇಳುತ್ತ ಹನ್ನೆರಡು ವರ್ಷದ ಹುಡುಗ ಕೈಕಟ್ಟಿ ನಿಂತಿದ್ದ. ಸಹಿ ಹಾಕಿದೆವು.

ಬಲಪುಟವು ಮರುದಿನ ಬಂದಿತು. ಮೊಟ್ಟೆ ಕೊಡಬೇಕು, ಏಕೆಂದರೆ ಅವ್ವ ಅಪ್ಪ ಕಬ್ಬಿನ ಗದ್ದೆಯಲ್ಲಿರುವಾಗ ನನ್ನ ತಂಗಿ ಅಜ್ಜಿಯ ಮನೆಯಲ್ಲಿ ಇರುತ್ತಾಳೆ, ಅಲ್ಲಿ ರೊಟ್ಟಿ ಖಾರ ಇರುತ್ತದೆ, ಶಾಲೆಯ ಊಟವೇ ಅವಳ ದೊಡ್ಡ ಊಟ. ಹಾಲು, ಬೇಳೆ, ಶೇಂಗಾ ಹೆಚ್ಚಿಸಬಹುದೆಂದು ಎಡಪುಟದವರು ಹೇಳುತ್ತಾರೆ. ಹೆಚ್ಚಿಸಬಹುದು ಎಂಬುದು ಇನ್ನೂ ತಟ್ಟೆಗೆ ಬಂದಿಲ್ಲ, ಮೊಟ್ಟೆ ಬಂದಿದೆ. ತಟ್ಟೆ ಬೇರೆಯಾದರೆ ಸಾಲು ಬೇರೆಯಾಗುತ್ತದೆ ಎಂಬ ಭಯ ಸರಿಯಾದ ಭಯ. ಆದರೆ ಮನೆಯಲ್ಲಿ ತಿಂದು ಬಂದವರೂ ತಿನ್ನದೆ ಬಂದವರೂ ಈಗಲೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಮಠದ ವಸತಿನಿಲಯದಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಸಾಲನ್ನು ಬೇರೆ ಮಾಡುವುದು ಮೊಟ್ಟೆಯಲ್ಲ, ಬಡಿಸುವವರು. ಕೊನೆಗೆ ಒಂದು ಷರತ್ತು: ಬಾಳೆಹಣ್ಣು ಒಂದು ದಿನವೂ ತಪ್ಪದೆ ಬರಬೇಕು, ಅದು ತಪ್ಪಿದ ದಿನ ನನ್ನ ವಾದ ಬಿದ್ದಂತೆ.

೨೦ಕ್ಕೆ ೧೭ ಅಂಕಗಳನ್ನು ಕೊಟ್ಟೆವು. 'ಬಹಳ ದೇಶಗಳಲ್ಲಿ ತಿನ್ನುತ್ತಾರೆ' ಎಂಬ ಇನ್ನೊಂದು ಹೇತುವನ್ನೂ ಅವನು ಸೇರಿಸಿದ್ದ. ಅದು ಕನ್ನಡಕದ ಹೇತುವಿನ ಜಾತಿಯದು, ಅದಕ್ಕೆ ಎರಡು ಅಂಕ ಹೋಯಿತು. ಅಲ್ಪಪ್ರಾಣ ಮಹಾಪ್ರಾಣಗಳಿಗೆ ಒಂದು.

ನಮ್ಮ ನಿಲುವು ಬದಲಾಯಿತೇ ಎಂದು ವಾಚಕರು ಕೇಳಬಹುದು. ಆಹಾರದ ವಿಷಯದಲ್ಲಿ ನಮ್ಮ ಆಚಾರವೂ ಅಭಿಪ್ರಾಯವೂ ಇದ್ದಲ್ಲಿಯೇ ಇವೆ, ಮಠದ ಪಾಕಶಾಲೆಯೂ ಇದ್ದಂತೆಯೇ ಇದೆ. ಆದರೆ ಆ ಹೆಣ್ಣುಮಗುವಿನ ತಟ್ಟೆಗೆ ಉತ್ತರ ಹೇಳದೆ ನಮ್ಮ ಪಕ್ಷವನ್ನು ಮಂಡಿಸುವಂತಿಲ್ಲ ಎಂಬುದು ನಮಗೆ ಸ್ಪಷ್ಟವಾಯಿತು. ಆ ಸುಗ್ಗಿಯಿಂದ ಮಠದ ದಾಸೋಹಕ್ಕೆ ಬರುವ ಶೇಂಗಾದಲ್ಲಿ ಒಂದು ಪಾಲನ್ನು ಗುಳೆ ಹೋಗುವ ಮನೆಗಳ ಮಕ್ಕಳಿಗೆಂದು ತೆಗೆದಿಡುವ ಪದ್ಧತಿ ನಡೆದುಬಂದಿದೆ. ಸರಕಾರವು ೨೦೨೨ರಲ್ಲಿ ಈ ಯೋಜನೆಯನ್ನು ಬಾಳೆಹಣ್ಣು, ಶೇಂಗಾ ಚಿಕ್ಕಿಗಳ ಆಯ್ಕೆಯೊಂದಿಗೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಅದು ಬೇರೆ ಕಥೆ.

ಆ ಪ್ರಬಂಧವನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ಹಾಕಿದಾಗ ಆಡಳಿತ ಮಂಡಳಿಯ ಹಿರಿಯರೊಬ್ಬರು ಬಹಳ ನೊಂದುಕೊಂಡರು. ಮಠಕ್ಕೆ ತಲೆಮಾರುಗಳಿಂದ ನಡೆದುಕೊಂಡ ಮನೆತನದವರು, ಅವರ ನೋವು ಹಗುರವಾದುದಲ್ಲ. "ಮಠದ ಅನ್ನ ಉಂಡು ಮಠದ ವಿರುದ್ಧ ಬರಿಯೂದಂದ್ರ ಹ್ಯಾಂಗ್ರಿ ಅಪ್ಪಾರ?" ಎಂದು ಕೇಳಿದರು. ದಾಸೋಹದ ಅನ್ನಕ್ಕೆ ಒಪ್ಪಿಗೆಯ ಬೆಲೆ ಕಟ್ಟಿದರೆ ಅದು ದಾಸೋಹವಾಗಿ ಉಳಿಯದು, ಖಾನಾವಳಿಯಾದೀತು ಎಂದು ವಿನಯದಿಂದಲೇ ಹೇಳಿದೆವು. ಗುರುವಿನ ಎದುರು ಪ್ರಶ್ನೆ ಎತ್ತುವುದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ಶೂನ್ಯಸಂಪಾದನೆ ಇಡಿಯಾಗಿ ಸಂವಾದರೂಪದ ಗ್ರಂಥ; ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಒರೆಗೆ ಹಚ್ಚುವ ಪ್ರಶ್ನೆಗಳು ಮೆತ್ತಗಿನವಲ್ಲ, ಅಕ್ಕನ ಉತ್ತರಗಳೂ ಮೆತ್ತಗಿನವಲ್ಲ. ಉತ್ತರಿಸಿದ್ದಕ್ಕಾಗಿ ಅವಳನ್ನು ಯಾರೂ ಅವಿಧೇಯಳೆನ್ನಲಿಲ್ಲ.

ಹಿರಿಯರಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹಾಗಿದ್ದರೆ ನಾನೂ ಉತ್ತರ ಬರೆಯುತ್ತೇನೆ ಎಂದರು. ಅವಶ್ಯವಾಗಿ ಬರೆಯಿರಿ ಎಂದೆವು. ವಾರದೊಳಗೆ ಫುಲ್‌ಸ್ಕೇಪ್ ಕಾಗದದಲ್ಲಿ ಮೂರು ಪುಟಗಳ ಲೇಖನ ಬಂದಿತು. ಒಳ್ಳೆಯ ಹಳೆಯ ಕಾಲದ ಅಕ್ಷರ, ಗಂಭೀರವಾದ ಭಾಷೆ. ನಿಯಮದಂತೆ ಅದನ್ನು ತರಗತಿಗೆ ಕೊಟ್ಟೆವು. ಮಕ್ಕಳು ಗುಂಪಾಗಿ ಕುಳಿತು ಓದಿದರು. ಅವರಲ್ಲಿ ಧ್ವನಿವರ್ಧಕದ ಪ್ರಬಂಧ ಬರೆದ ಹುಡುಗಿ ಎದ್ದು ನಿಂತು, "ಅಜ್ಜಾರ, ಗೌಡ್ರು ಭಾಳ ಚಂದ ಬರದಾರ್ರಿ. ಆದ್ರ ಎಡಗಡೆ ಪುಟಾನ ಇಲ್ಲಲ್ರಿ" ಎಂದಳು. ಲೇಖನವನ್ನು, ಮಕ್ಕಳೇ ಬರೆದ ವಿನಯಪೂರ್ವಕವಾದ ಒಂದು ಚೀಟಿಯೊಂದಿಗೆ, ಹಿರಿಯರಿಗೆ ಮರಳಿ ಕಳುಹಿಸಿದೆವು.

ಇಪ್ಪತ್ತು ದಿನ ಅವರ ಸುದ್ದಿ ಇರಲಿಲ್ಲ. ಒಂದು ಸೋಮವಾರ ಅವರು ಸ್ವತಃ ಶಾಲೆಗೆ ಬಂದು, ಪಡಸಾಲೆಯ ಕಟ್ಟೆಯ ಮೇಲೆ ಕುಳಿತು, ಆ ಹುಡುಗನನ್ನು ಕರೆಸಿಕೊಂಡರು. ನಾವು ಕಿಟಕಿಯಿಂದ ಕಂಡದ್ದಿಷ್ಟು: ಹಿರಿಯರು ಕನ್ನಡಕ ಏರಿಸಿಕೊಂಡು ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು, ಹುಡುಗ ನಡುನಡುವೆ ತಡೆದು ಏನನ್ನೋ ಹೇಳುತ್ತಿದ್ದ, ಅವರು ಅಲ್ಲಿಯೇ ತಿದ್ದಿಕೊಳ್ಳುತ್ತಿದ್ದರು. ಅವನ ತಂಗಿಯ ಊರು ಯಾವುದು, ಅಜ್ಜಿಗೆ ಪಿಂಚಣಿ ಬರುತ್ತದೆಯೇ ಎಂದು ಕೇಳಿದರಂತೆ. ಕೊನೆಗೆ ಹುಡುಗ ಅವರ ಲೇಖನಿಯನ್ನೇ ತೆಗೆದುಕೊಂಡು ಎಡಪುಟದ ಕೆಳಗೆ ಸಹಿ ಹಾಕಿದ. ಆ ಎರಡು ಪ್ರಬಂಧಗಳೂ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಒಂದೇ ರಟ್ಟಿನೊಳಗೆ ಇವೆ. ಜಾತ್ರೆಗೆ ಬರುವ ಹಳೆಯ ವಿದ್ಯಾರ್ಥಿಗಳು ಮುಖ್ಯೋಪಾಧ್ಯಾಯರನ್ನು ಕೇಳಿ ಪಡೆದು ಓದಬಹುದು.